ಸವೆದ ಗುಂಡಿ

“ಓಕೆ ಒತ್ತೇ! ಅದೇನು ಮದುವೆ ಕರೆಯೋಲೆನಾ, ಅಷ್ಟು ಹೊತ್ತು ಓದ್ತಾ ಕೂರೋಕೆ?”

ರಿಪೇರಿ ಅಂಗಡಿಯ ಒಳಕೋಣೆಯಿಂದಲೇ ಅಣ್ಣ ಗದರಿದ. ತಂಗಿ ಒತ್ತಲಿಲ್ಲ. ಬೆಸುಗೆ ಕೆಲಸದಿಂದ ಎಬ್ಬಿಸಿ ಅವಳನ್ನು ಈ ಮೇಜಿಗೆ ಕೂರಿಸಿದ್ದು ಇವತ್ತೇ. ಎದುರಿಗೆ ರಿಪೇರಿಗೆ ಬಂದಿದ್ದ, ಈಜುಕೊಳದ ನೀರೊಳಗೆ ಉರಿಯುವ ದೀಪಗಳು. ಅವುಗಳಿಂದ ಕರೆಂಟ್ ಸೋರುತ್ತದೆಯೇ ಎಂದು ಅಳೆದು ‘ಸುರಕ್ಷಿತ’ ಎಂಬ ಚೀಟಿ ಅಂಟಿಸಬೇಕು. ಅಳೆಯುವ ಯಂತ್ರವೋ, ಪರದೆ ತುಂಬ ಕೆಂಪಗಾಗಿ ಕೂತಿತ್ತು: ‘ಮೆಮೊರಿ ದೋಷ. ಕ್ಯಾಲಿಬ್ರೇಶನ್ ಮಾಹಿತಿ ಅಳಿಸಿದೆ. ಅಳತೆಗಳನ್ನು ನಂಬಬೇಡಿ.’

“ಅಣ್ಣ, ಇದರೊಳಗಿನ ಸೆಲ್ ಸತ್ತಿದೆ. ಸರಿಯಾದ ಅಳತೆ ಯಾವ್ದು ಅನ್ನೋದನ್ನೇ ಮರೆತುಬಿಟ್ಟಿದೆ.”

“ಬೆಳಗಾದ್ರೆ ಅದು ಇದೇ ರಾಗ ಎಳೆಯುತ್ತೆ. ಓಕೆ ಒತ್ತಿದ್ರೆ ಬಾಯಿ ಮುಚ್ಚುತ್ತೆ. ಆಮೇಲೆ ನಂಬರ್ ತೋರಿಸಲ್ವಾ?”

“ತೋರಿಸುತ್ತೆ. ಬಾಯಿಗೆ ಬಂದ ನಂಬರ್ ತೋರಿಸುತ್ತೆ.”

ಅಣ್ಣ ಎದ್ದು ಬಂದ. ಕೆಟ್ಟವನಲ್ಲ, ಅವಳ ಕೈಹಿಡಿದು ಕೆಲಸ ಕಲಿಸಿದವನು. ಆದರೆ ಯಂತ್ರವನ್ನು ಸರಿಮಾಡಲು ಕಳಿಸಿದರೆ ಅಂಗಡಿ ಕೈಕಟ್ಟಿ ಕೂರಬೇಕಲ್ಲ, ಅದಕ್ಕೇ ಈ ಜಾಣಕುರುಡು. ಪರದೆಯ ಕಡೆ ನೋಡದೆಯೇ ಅವನ ಬೆರಳು ಗುಂಡಿಯನ್ನು ಹುಡುಕಿಕೊಂಡು ಹೋಗಿ ಒತ್ತಿತು. ಕೆಂಪು ಮಾಯವಾಯಿತು. ತಂಗಿ ಆಗ ಗಮನಿಸಿದಳು: ಉಳಿದ ಗುಂಡಿಗಳ ಮೇಲೆಲ್ಲ ಅಕ್ಷರ ಹೊಸದರಂತೆ ಹೊಳೆಯುತ್ತಿದ್ದರೆ, ಓಕೆ ಗುಂಡಿ ಮಾತ್ರ ಸವೆದು ಬೋಳಾಗಿತ್ತು. ಅವಳ ಮೈ ಉರಿದುಹೋಯಿತು.

“ಅಂಟಿಸು ಚೀಟಿ. ಈಜುಕೊಳದ ಕೋಚ್ ಮೇಡಂ ಬರೋ ಹೊತ್ತಾಯ್ತು.”

“ನಾನು ಅಂಟಿಸಲ್ಲ. ನಿನಗೂ ಅಂಟಿಸೋಕೆ ಬಿಡಲ್ಲ.”

“ಓಹೋ! ಅಂಗಡಿ ಯಾರದು?”

“ಅಂಗಡಿ ನಿಂದು. ನೀರಿಗಿಳಿಯೋದು ಯಾರ ಮಕ್ಕಳು?”

ಅಷ್ಟರಲ್ಲಿ ಹೊರಗೆ ವ್ಯಾನ್ ನಿಂತ ಸದ್ದಾಯಿತು. ಅಣ್ಣ ಮುಖದ ಮೇಲೆ ನಗು ತಂದುಕೊಂಡು ಬಾಗಿಲಿಗೆ ಓಡಿದ. ತಂಗಿ ಯಂತ್ರವನ್ನು ಆರಿಸಿದಳು. ತೆಳ್ಳನೆಯ ಸ್ಕ್ರೂಡ್ರೈವರ್ ತೂರಿಸಿ ಬೋಳು ಗುಂಡಿಯನ್ನು ಮೀಟಿದಳು. ಅಲ್ಲಾಡುತ್ತಿದ್ದ ಹಲ್ಲಿನಂತೆ ಅದು ಕಿತ್ತುಬಂತು. ಮತ್ತೆ ಸ್ವಿಚ್ ಹಾಕಿದಳು. ಪರದೆ ಕೆಂಪಾಯಿತು.

ಈಜು ಕಲಿಸುವ ಕೋಚ್ ಒದ್ದೆ ಕೂದಲಲ್ಲೇ ಒಳಗೆ ಬಂದರು. “ದೀಪ ರೆಡಿನಾ? ನಾಳೆ ಮಕ್ಕಳನ್ನ ನೀರಿಗಿಳಿಸಬೇಕು.”

“ಚೀಟಿ ಅಂಟಿಸೋದೊಂದೇ ಬಾಕಿ ಮೇಡಂ,” ಎಂದ ಅಣ್ಣ.

“ಅದಕ್ಕೂ ಮುಂಚೆ ಇದನ್ನೊಂದು ಓದಿಬಿಡಿ.” ತಂಗಿ ಯಂತ್ರವನ್ನು ಅವರತ್ತ ತಿರುಗಿಸಿದಳು.

ಕೋಚ್ ಕಣ್ಣು ಕಿರಿದು ಮಾಡಿಕೊಂಡು ಗಟ್ಟಿಯಾಗಿ ಓದಿದರು. “‘ಅಳತೆಗಳನ್ನು ನಂಬಬೇಡಿ.’ ಏನ್ರೀ ಇದು?”

“ಅಯ್ಯೋ, ಅದೇನಿಲ್ಲ ಮೇಡಂ! ಅದು ದಿನಾ ಹೀಗೇ...” ಎನ್ನುತ್ತ ಅಣ್ಣ ಎಂದಿನಂತೆ ಬೆರಳು ಚಾಚಿದ.

“ದಿನಾನಾ?” ಎಂದರು ಕೋಚ್.

ತಂಗಿ ಮುಷ್ಟಿಯೊಳಗಿದ್ದ ಬೋಳು ಗುಂಡಿಯನ್ನು ಬಿಗಿಹಿಡಿದಳು. ಗುಂಡಿಯಿದ್ದ ತೂತಿನೊಳಗೆ ಅಣ್ಣನ ಬೆರಳು ಒತ್ತಲು ಏನೂ ಸಿಗದೆ ಹಾಗೇ ನಿಂತಿತ್ತು.