ಒಂದು ಗೇಣಿನ ಚಕ್ರ

“ನಿಲ್ಸಮ್ಮೋ, ನೀರು ಬದಲಾಯಿಸ್ಬೇಕು!” ಎಂದು ನಲ್ಲಪ್ಪ ಬಿಸಿನೀರಿನ ತೊಟ್ಟಿಯ ಬಳಿಯಿಂದ ಕೂಗಿದ. ಅಮ್ಮಾಜಮ್ಮ ಚರಕ ನಿಲ್ಲಿಸಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಶಿಡ್ಲಘಟ್ಟದ ಆ ರೇಷ್ಮೆ ಶೆಡ್ಡಿನಲ್ಲಿ ಹದಿನಾಲ್ಕು ವರ್ಷದಿಂದ ಅವನು ಗೂಡು ಬೇಯಿಸಿ ಎಳೆ ತೆಗೆಯುವವನು, ಇವಳು ಚರಕ ತಿರುಗಿಸುವವಳು.

ಬಾಗಿಲ ಬಳಿ ಅಮ್ಮಾಜಮ್ಮನ ಮಗಳು ರೂಪ ಪುಸ್ತಕ ಹಿಡಿದು ಅಳುಮುಖ ಮಾಡಿಕೊಂಡು ಕೂತಿದ್ದಳು. ಪಿಯುಸಿ ಸೈನ್ಸು. ಹತ್ತು ಗಂಟೆಗೆ ಕ್ಲಾಸಿನಲ್ಲಿ ಬೋರ್ಡಿನ ಮುಂದೆ ನಿಂತು ಒಂದು ಪ್ರಶ್ನೆಗೆ ಕಾರಣ ಹೇಳಬೇಕು. ಹೇಳಲಾಗದಿದ್ದರೆ ಆರ್ಟ್ಸಿಗೆ ಹೋಗುವುದೇ ವಾಸಿ ಎಂದು ಮೇಷ್ಟ್ರು ಎಲ್ಲರೆದುರಿಗೇ ಅಂದಿದ್ದರು.

“ಏನೇ ಅದು, ಅಂಥಾ ಕಗ್ಗಂಟು?”

“ನಿಂಗೆ ಗೊತ್ತಾಗಲ್ಲ ಬಿಡಮ್ಮ. ಒಂದು ಚಕ್ರ. ನಡುವಿಂದ ಅಂಚಿಗೆ ಅಳತೆ ಒಂದು ಅಂತಿಟ್ಕೋ. ಅಂಚಲ್ಲಿರೋ ಚುಕ್ಕೆ ನಡುಮಟ್ಟದಿಂದ ಎಷ್ಟು ಎತ್ತರ ಐತೋ ಅದೇ ಸೈನು. ನಡುಮಟ್ಟದಿಂದ ಮೊದಲ ಮೂವತ್ತು ಡಿಗ್ರಿ ತಿರುಗೋಷ್ಟರಲ್ಲಿ ಅರ್ಧ ಎತ್ತರ ಏರ್ಬಿಡುತ್ತೆ. ನೆತ್ತಿ ಮುಟ್ಟೋ ಕೊನೇ ಮೂವತ್ತರಲ್ಲಿ ಚೂರೇ ಚೂರು. ತಿರುಗಿದ್ದು ಅಷ್ಟೇ, ಏರಿದ್ದು ಯಾಕೆ ಕಮ್ಮಿ?”

ಅಮ್ಮಾಜಮ್ಮನಿಗೆ ನಗು ಬಂತು. ಚರಕದ ಹಿಡಿಯ ಕಡೆ ನೋಡಿದಳು, ಮಗಳ ಕಡೆ ನೋಡಿದಳು. ಮಗಳು ಆ ಹಿಡಿ ಮುಟ್ಟಲೇಕೂಡದು ಎಂಬುದು ಅವಳ ಹಠ. ಪುಟ್ಟವಳಿದ್ದಾಗ ಆಟಕ್ಕೆ ಕೈಯಿಟ್ಟದ್ದಕ್ಕೇ ರಪ್ಪನೆ ಬಾರಿಸಿದ್ದಳು. ಈಗ ಒಂದು ಗಳಿಗೆ ಮನಸ್ಸು ಒದ್ದಾಡಿತು.

“ಬಾ, ಹಿಡ್ಕೋ.”

ರೂಪ ನಂಬದವಳಂತೆ ಎದ್ದು ಬಂದಳು. ಅಮ್ಮಾಜಮ್ಮ ಮಗಳ ಕೈಮೇಲೆ ತನ್ನ ಜಡ್ಡುಗಟ್ಟಿದ ಕೈಯಿಟ್ಟು ಮೆಲ್ಲಗೆ ತಿರುಗಿಸಿದಳು. “ಅಚ್ಚಿಂದ ಹಿಡಿಗೆ ಒಂದು ಗೇಣು. ಇಲ್ಲಿ, ಅಚ್ಚಿನ ಮಟ್ಟದಲ್ಲಿ, ಹಿಡಿ ನೆಟ್ಟಗೆ ಮೇಲಕ್ಕೇ ಹೋಗುತ್ತೆ. ರಟ್ಟೆ ಬಿದ್ದೋಗೋದು ಇಲ್ಲೇ ಕಣೇ. ಈಗ ನೆತ್ತಿ ಹತ್ರ ಬಂತು. ಎಲ್ಲಿಗೆ ಹೋಗ್ತಾ ಐತೆ ನೋಡು?”

“ಅಡ್ಡಕ್ಕೆ… ಅಮ್ಮಾ, ಅಡ್ಡಕ್ಕೆ ಹೋಗ್ತಾ ಐತೆ! ಮೇಲಕ್ಕೆ ಹೋಗ್ತಾನೇ ಇಲ್ಲ!” ರೂಪ ತಾನೇ ಇನ್ನೆರಡು ಸುತ್ತು ತಿರುಗಿಸಿದಳು. ಆಮೇಲೆ ಬ್ಯಾಗು ಹೆಗಲಿಗೇರಿಸಿ ಓಡಿದವಳು ತಿರುಗಿ ನೋಡಲಿಲ್ಲ.

ಮಧ್ಯಾಹ್ನ ವಾಪಸು ಬಂದಾಗ ಅವಳ ಬೆರಳೆಲ್ಲ ಸೀಮೆಸುಣ್ಣ. ಮೇಷ್ಟ್ರು ಎರಡು ಸಲ ಹೇಳಿಸಿ, “ಇವಳು ಹೇಳಿದ್ದನ್ನ ಎಲ್ಲರೂ ಬರ್ಕೊಳ್ಳಿ” ಅಂದರಂತೆ. ಅಮ್ಮಾಜಮ್ಮ ಹೆಮ್ಮೆಯಿಂದ ಸೆರಗಿನಲ್ಲಿ ಆ ಬೆರಳು ಒರೆಸಿದಳು.

ನಲ್ಲಪ್ಪ ತೊಟ್ಟಿಯಿಂದ ತಲೆಯೆತ್ತಿ ಕೀಟಲೆ ಮಾಡಿದ. “ಬೇಡ ಬೇಡ ಅಂತಿದ್ದೋಳು, ಕೊನೆಗೂ ಮಗಳಿಗೆ ಚರಕ ಕಲಿಸ್ಬಿಟ್ಟೆ ನೋಡು.”

“ಇಲ್ಲಣ್ಣ,” ಅಮ್ಮಾಜಮ್ಮ ಮತ್ತೆ ಹಿಡಿಗೆ ಕೈಹಾಕಿದಳು. “ಲೆಕ್ಕ ಹೇಳ್ಕೊಟ್ಟೆ.”