ನಲವತ್ತು ಲೈನಿನ ಬೋರ್ಡು

"ಅದು ಶುದ್ಧ ಕೆಲಸಗಳ್ಳತನ ಕಣೇ," ಎಂದು ದೊಡ್ಡಮ್ಮ ಕೈಯಲ್ಲಿದ್ದ ದಾರದುಂಡೆಯನ್ನು ಮೇಜಿನ ಮೇಲೆ ಕುಕ್ಕಿದರು. "ಹೇಳಿದ ಮಾತು ಮುಟ್ಟಿತೋ ಇಲ್ಲವೋ ಅಂತ ಕೇಳದೆ ಎದ್ದು ಹೋಗೋದೂ ಒಂದು ಪದ್ಧತೀನಾ?"

ಎದುರಿಗೆ ಕುಳಿತಿದ್ದ ತಂಗಿಯ ಮಗಳು ತಲೆಯ ಮೇಲೆ ಕೈ ಹೊತ್ತಳು. ಮರುದಿನ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಅವಳಿಗೆ ಸಂದರ್ಶನ. ಈ ಮೊದಲು ಎರಡು ಕಡೆ ಒಂದೇ ಪ್ರಶ್ನೆಯಲ್ಲಿ ಮುಗ್ಗರಿಸಿ ಬಂದಿದ್ದಳು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾಹಿತಿ ಸಾಗಿಸುವ ನಿಯಮಗಳಲ್ಲಿ ಟಿಸಿಪಿ ಎಂಬುದು ಕಳಿಸಿದ್ದು ಮುಟ್ಟಿದ್ದಕ್ಕೆ ಉತ್ತರ ಪಡೆದೇ ತೀರುತ್ತದೆ, ಯುಡಿಪಿ ಎಂಬುದು ಕಳಿಸಿ ಸುಮ್ಮನಾಗುತ್ತದೆ. ಇಷ್ಟನ್ನು ಅವಳು ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಿದ್ದಳು. "ಹಾಗಿದ್ದರೆ ಎರಡನೆಯದು ಯಾರಿಗೆ ಬೇಕು?" ಎಂದು ಕೇಳಿದೊಡನೆ ಪುಸ್ತಕದ ಒಂದು ಪದದ ಆಚೆಗೆ ಹೋಗಲು ಆಗುತ್ತಿರಲಿಲ್ಲ. ಮೂರನೆಯ ಸಲವೂ ಕೈತಪ್ಪಿದರೆ ಈ ದಾರಿಯನ್ನೇ ಬಿಟ್ಟು ಅಂಗಡಿಯಲ್ಲಿ ಕೂರುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಾಗಿತ್ತು.

ಬಟ್ಟೆ ಗಿರಣಿಯ ಟೆಲಿಫೋನ್ ಬೋರ್ಡಿನ ಮುಂದೆ ಇಪ್ಪತ್ತೆರಡು ವರ್ಷ ಕೂತೆದ್ದ ದೊಡ್ಡಮ್ಮನಿಗೆ ಮಿಕ್ಕಿದ್ದೆಲ್ಲ ಅರೆಗಳಿಗೆಯಲ್ಲಿ ಅರ್ಥವಾಗಿತ್ತು. ಪೋರ್ಟ್ ಎಂದರೇನೆಂದು ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಅವರು ಹೊಲಿಗೆಯ ಡಬ್ಬಿಯಿಂದ ಅಂಗಿಯ ಗುಂಡಿಗಳನ್ನು ಸುರಿದು ಓರಣವಾಗಿ ಜೋಡಿಸಿಬಿಟ್ಟಿದ್ದರು.

"ಗಿರಣಿಗೆ ಹೊರಗಿನಿಂದ ನಂಬರು ಒಂದೇ. ಒಳಗೆ ಒಂಬತ್ತು ಅಂದ್ರೆ ಗೋದಾಮು, ಹದಿನಾಲ್ಕು ಅಂದ್ರೆ ನೇಯ್ಗೆ. ನಿನ್ನ ಕಂಪ್ಯೂಟರಿಗೂ ವಿಳಾಸ ಒಂದು, ಒಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಪೋರ್ಟು. ಅಷ್ಟೇ ತಾನೇ?"

"ಅಷ್ಟೇ. ಆದ್ರೆ ಅರವತ್ತೈದು ಸಾವಿರ ಇದಾವೆ."

"ಅಷ್ಟಕ್ಕೂ ಒಬ್ಬಳನ್ನೇ ಕೂರಿಸಿದ್ದಾರೇನೇ ಪಾಪ?"

ಟಿಸಿಪಿಯ ಸುದ್ದಿ ಬಂದಾಗಲಂತೂ ಅವರ ಮುಖ ಅರಳಿತ್ತು. "ಕೇಳಿಸ್ತಾ?" "ಕೇಳಿಸ್ತು, ನನ್ನದು ಕೇಳಿಸ್ತಾ?" "ಕೇಳಿಸ್ತು." ಈ ಮೂರು ಮಾತು ಮುಗಿದ ಮೇಲೆಯೇ ಮುಂದಿನ ಮಾತು ಎಂದು ಹುಡುಗಿ ಹೇಳಿದರೆ, ಇದನ್ನು ನಾವು ದಿನಕ್ಕೆ ಮುನ್ನೂರು ಸಲ ಮಾಡುತ್ತಿದ್ದೆವು ಎಂದರು. ಗಿರಣಿಯಲ್ಲಿ ಸಂದೇಶ ಕೇಳಿಸಿಕೊಂಡವರು ಅದನ್ನು ಅಕ್ಷರ ಬಿಡದೆ ತಿರುಗಿ ಒಪ್ಪಿಸಬೇಕು. ಮ್ಯಾನೇಜರಾದರೂ ಸರಿ, ಶಾಲೆಯ ಮಕ್ಕಳಂತೆ ಒಪ್ಪಿಸಬೇಕು. ಅಲ್ಲಿಯವರೆಗೆ ಲೈನು ಕೂಡಿಸಲು ಬೋರ್ಡಿಗೆ ಚುಚ್ಚಿದ ಪಿನ್ನು ಕೀಳುವಂತಿಲ್ಲ. ಗಡಿಯಾರದಮ್ಮನೆಂದು ಎಲ್ಲರೂ ಕರೆಯುತ್ತಿದ್ದ ಮೇಲ್ವಿಚಾರಕಿಯ ಕಟ್ಟಪ್ಪಣೆ ಅದು. ಆ ಪಿನ್ನುಗಳ ಹಿತ್ತಾಳೆಯ ಮೂತಿ ಕೈಯಾಡಿ ಕೈಯಾಡಿ ಬಂಗಾರದಂತೆ ಹೊಳೆಯುತ್ತಿದ್ದುದು ಈಗಲೂ ದೊಡ್ಡಮ್ಮನ ಬೆರಳಿಗೆ ನೆನಪಿತ್ತು.

"ಈಗಿನ ಫೋನ್ ಮಾತೆಲ್ಲ ಹೆಚ್ಚಾಗಿ ಆ ಎರಡನೇ ದಾರೀಲೇ ಹೋಗೋದು ದೊಡ್ಡಮ್ಮ," ಎಂದಳು ಹುಡುಗಿ. "ಪುಸ್ತಕದಲ್ಲಿ ವೇಗ ಅಂತ ಬರೆದಿದೆ. ಸಂದರ್ಶನದಲ್ಲಿ ನಾನೂ ವೇಗ ಅಂದೆ. ಮುಟ್ಟದೇ ಇರೋ ವೇಗ ಯಾಕಮ್ಮ ಅಂತ ನಕ್ಕರು."

"ನಗದೆ ಇನ್ನೇನು? ಅಂಥ ಬೇಜವಾಬ್ದಾರಿ ಕೆಲಸ ನಮ್ಮಲ್ಲಿ ಯಾರೂ..." ದೊಡ್ಡಮ್ಮನ ಮಾತು ಅಲ್ಲಿಗೇ ನಿಂತಿತು. ಅವರು ಒಂದು ಗುಂಡಿಯನ್ನು ಬೆರಳಿನಿಂದ ಸಾಲಿನ ಈಚೆಗೆ ಸರಿಸಿದರು. "ನಾನೇ ಮಾಡಿದ್ದೆ. ಒಂದು ದಿನ."

ಅದು ಬೋರ್ಡಿನ ಕಡೆಯ ದಿನ. ಹನ್ನೆರಡು ಹೊಡೆಯುತ್ತಲೇ ತನ್ನಷ್ಟಕ್ಕೆ ತಾನೇ ಲೈನು ಕೂಡಿಸುವ ಹೊಸ ಯಂತ್ರ ಶುರುವಾಗಬೇಕಿತ್ತು. ತಂತಿ ಕತ್ತರಿಸಲು ಬಂದ ಫಿಟ್ಟರು ಬೆನ್ನ ಹಿಂದೆಯೇ ನಿಂತಿದ್ದ. ಜೊತೆಯ ಹೆಂಗಸರು ಚೀಲ ತುಂಬಿಕೊಂಡು ಹೊರಟಿದ್ದರು. ದನಿಯಿಂದಷ್ಟೇ ಪರಿಚಯವಿದ್ದ ಅಷ್ಟು ಜನಕ್ಕೆ ಒಂದು ಮಾತೂ ಹೇಳದೆ ಏಳುವುದು ಹೇಗೆ? ದೊಡ್ಡಮ್ಮ ಗಡಿಯಾರ ನೋಡಿದರು. ನಾಲ್ಕು ನಿಮಿಷ ಉಳಿದಿತ್ತು, ಲೈನು ನಲವತ್ತು. ಪಿನ್ನು ಚುಚ್ಚಿದರು, ಗಂಟೆ ಕೊಟ್ಟರು, "ಬೋರ್ಡಿನಿಂದ. ಇವತ್ತಿಗೆ ನಮ್ಮದು ಮುಗೀತು, ನಮಸ್ಕಾರ" ಎಂದರು, ಕಿತ್ತರು, ಮುಂದಿನ ಲೈನಿಗೆ ಚುಚ್ಚಿದರು. ಅತ್ತ ಕಡೆ ರಿಸೀವರು ಕಿವಿಗೆ ಬಂತೋ ಇಲ್ಲವೋ ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗಡಿಯಾರದಮ್ಮ ಎಲ್ಲವನ್ನೂ ಕಂಡೂ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು.

"ಎಷ್ಟು ಜನಕ್ಕೆ ಮುಟ್ಟಿರಬಹುದು?"

"ನನಗೇನು ಗೊತ್ತು. ಅರ್ಧ ಅಂತಿಟ್ಟುಕೋ. ಒಬ್ಬೊಬ್ಬರ ಬಾಯಿಂದಲೂ ಒಪ್ಪಿಸಿಕೊಳ್ತಾ ಕೂತಿದ್ರೆ ಎಂಟನೇ ಲೈನಿಗೆ ಹನ್ನೆರಡು ಹೊಡೀತಿತ್ತು. ಮಿಕ್ಕವರಿಗೆ ಮಾತು ಹೊರಡ್ತಾನೇ ಇರಲಿಲ್ಲ."

ಹುಡುಗಿ ನೆಟ್ಟಗಾದಳು. ಹೊತ್ತು ಮೀರಿ ಮುಟ್ಟಿದರೆ ಪ್ರಯೋಜನವಿಲ್ಲದ ಮಾತಿಗೆ ಯುಡಿಪಿ ಬೇಕು. ನಡುವೆ ನಾಲ್ಕು ಬಿದ್ದುಹೋದರೂ ಚಿಂತೆಯಿಲ್ಲ, ಸಾಲು ನಿಲ್ಲಬಾರದು. ಅದನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡಳು. ಪುಸ್ತಕದ ನೆರವಿಲ್ಲದೆ ಹೇಳಲು ಬಂತು.

"ನಾಳೆ ಇದನ್ನೇ ಹೇಳ್ತೀನಿ ದೊಡ್ಡಮ್ಮ."

"ಹೇಳು. ನನ್ನ ಹೆಸರು ಮಾತ್ರ ಎತ್ತಬೇಡ, ಗಡಿಯಾರದಮ್ಮ ಇನ್ನೂ ಗಟ್ಟಿಮುಟ್ಟಾಗಿದ್ದಾರೆ."

ಇಬ್ಬರೂ ನಕ್ಕರು. ನಗು ಇಳಿದ ಮೇಲೆ ಹುಡುಗಿ ಸುಮ್ಮನೆ ಕೇಳಿದಳು: "ನಲವತ್ತು ಕಡೆಗೂ ಅದೇ ಮಾತು ಹೇಳಿದ್ರಾ?"

"ಮೂವತ್ತೊಂಬತ್ತು ಕಡೆಗೆ."

"ಉಳಿದ ಒಂದಕ್ಕೆ?"

ದೊಡ್ಡಮ್ಮ ಗುಂಡಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದರು.

"ಅಲ್ಲಿ ಮಾತ್ರ ಉತ್ತರ ಬರೋವರೆಗೂ ಪಿನ್ನು ಕೀಳಲಿಲ್ಲ. ಏನಂದೆ ಅಂತ ನಾಳೆ ಅವರು ಕೇಳೋದಿಲ್ಲ ಬಿಡು."