ಮುತ್ತಣ್ಣನ ಕೈ

ಆಟೋಮ್ಯಾಟಿಕ್ ಕಾರುಗಳ ಗೇರಿಗೆ ಹೆಸರಾಂತ ಚಾಲಕರ ಕೈಚಳಕ ತುಂಬಿಸಿ ಮಾರುತ್ತಿದ್ದ ಕಾಲವದು. ಮೈಸೂರಿನ ಶ್ರೀಪತಿ ಹೆಂಡತಿ ಮಂದಾಕಿನಿಯೊಂದಿಗೆ ಸ್ಪೋರ್ಟ್ಸ್ ಕಾರು ಕೊಳ್ಳಲು ಹೋಗಿದ್ದ. ಅವಳು ಓಡಿಸಿ ನೋಡುತ್ತಿದ್ದಾಗ ತಿರುವಿನಲ್ಲಿ ಗೇರು ತಾನಾಗಿಯೇ ಇಳಿಯಿತು. ಅವಳ ಮುಖ ಅರಳಿತು.

“ಇದು ಮುತ್ತಣ್ಣನ ಕೈ ಕಣ್ರೀ.”

ಮದುವೆಗೆ ಮುಂಚೆ ಆರು ವರ್ಷ ಕಾರ್ ರ‍್ಯಾಲಿಗಳಲ್ಲಿ ಮುತ್ತಣ್ಣನ ಪಕ್ಕ ಕೂತು ದಾರಿ ಹೇಳುತ್ತಿದ್ದವಳು ಅವಳು. ಶ್ರೀಪತಿಗೆ ಹೊಟ್ಟೆ ಉರಿಯಿತು.

“ಅಷ್ಟು ನೆನಪಿದೆಯಾ?”

“ಮರೆಯೋ ಕೈಯಲ್ಲ ಅದು.”

ಶೋರೂಮಿಗೆ ಮರಳಿದವನೇ, “ನಮಗೆ ಮ್ಯಾನ್ಯುಯಲ್ಲೇ ಇರಲಿ” ಎಂದ. ಕೈಯಿಂದಲೇ ಗೇರು ಹಾಕುವ ಅಂಥ ಕಾರನ್ನು ಅವನು ಮುಟ್ಟಿಯೂ ಇರಲಿಲ್ಲ.

ಮೊದಲ ದಿನವೇ ಚಾಮುಂಡಿ ಬೆಟ್ಟದ ಏರಿನಲ್ಲಿ ಕಾರು ಮೂರು ಸಲ ನಿಂತುಹೋಯಿತು. ಮಂದಾಕಿನಿ ಅವನ ಕೈಮೇಲೆ ಕೈಯಿಟ್ಟು, “ಕ್ಲಚ್ ಪೂರ್ತಿ ಒತ್ತಿ, ಈಗ ನಿಧಾನವಾಗಿ ಬಿಡಿ” ಎಂದು ಗೇರು ಹಾಕಿಸಿದಳು.

ವಾರದೊಳಗೆ ಅವನು ಚೆನ್ನಾಗಿ ಕಲಿತ. ಅವಳು ಪಕ್ಕದಲ್ಲಿದ್ದಾಗ ಮಾತ್ರ ಇವತ್ತಿಗೂ ಗೇರು ತಪ್ಪು ಹಾಕುತ್ತಾನೆ.